ಹೇಮಾ ಹೇಳುತ್ತಿದ್ದ ಅರಮನೆ

ಹೋದ ತಿಂಗಳು ಹಲ್ಲುನೋವಿಗೆಂದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಮನೆಯ ಹಿಂದಿನ ಕ್ಲಿನಿಕ್ಕಿಗೆ ಹೋಗಿದ್ದೆ. ಗೋಡೆಯ ಟೀವಿಯಲ್ಲಿ ದನಿಯಿಲ್ಲದೆ ಒಂದು ಚೀನೀ ಧಾರಾವಾಹಿ ಓಡುತ್ತಿತ್ತು. ತಲೆಯ ಮೇಲೆ ಹೂವು, ಮುತ್ತು, ಚಿನ್ನದ ಕಡ್ಡಿಗಳನ್ನೆಲ್ಲ ಹೊತ್ತ ರಾಣಿಯರು ರೇಷ್ಮೆಯ ಉದ್ದ ತೋಳುಗಳನ್ನು ಎತ್ತಿಕೊಂಡು ಅರಮನೆಯ ಅಂಗಳದಲ್ಲಿ ಬಾತುಕೋಳಿಗಳ ಹಿಂದೆ ಓಡುತ್ತಿದ್ದರು. ಪಕ್ಕದಲ್ಲಿದ್ದ ಮಗಳು ಶ್ರೇಯಾ ಫೋನಿನಿಂದ ತಲೆ ಎತ್ತಿ, "ಮಮ್ಮಿ, ದಟ್ಸ್ ಯುವರ್ ಡಕ್ ಶೋ" ಎಂದಳು. ನಾನು ಕೇಳಿಸದವಳಂತೆ ಚೀಲದಲ್ಲಿ ಏನನ್ನೋ ಹುಡುಕತೊಡಗಿದೆ. ನರ್ಸ್ ನನ್ನ ಹೆಸರನ್ನು ಎರಡು ಸಲ ಕೂಗಬೇಕಾಯಿತು. ಒಳಗೆ ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದಾಗಲೂ ನನ್ನ ಮನಸ್ಸು ಐದು ವರ್ಷದ ಹಿಂದಿನ ಆ ಬೇಸಿಗೆಯಲ್ಲೇ ಇತ್ತು.

ಆಗ ನಾವು ದುಬೈನ ಅಲ್ ನಹ್ದಾದಲ್ಲಿದ್ದೆವು. ಏಳನೆಯ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟು; ಬಾಲ್ಕನಿಯಲ್ಲಿ ನಿಂತರೆ ರಸ್ತೆಯಾಚೆ ಶಾರ್ಜಾ. ಒಂದು ಕೋಣೆ ನಮ್ಮದು, ಇನ್ನೊಂದು ಹೇಮಾ ಮತ್ತು ಅವಳ ಗಂಡ ಸದಾಶಿವ ಅವರದು. ಹಾಲ್, ಅಡುಗೆಮನೆ ಇಬ್ಬರಿಗೂ ಸೇರಿದ್ದು. ನಾವು ಗದಗ ಕಡೆಯವರು, ಅವರು ಪುತ್ತೂರಿನವರು. ನನ್ನ ಯಜಮಾನರು ಬಸವರಾಜ ಮತ್ತು ಸದಾಶಿವ ಇಬ್ಬರೂ ಸಿಲಿಕಾನ್ ಓಯಸಿಸ್‌ನ ಒಂದೇ ಕಂಪನಿಯಲ್ಲಿದ್ದರು. ಕಟ್ಟಡಗಳಿಗೆ ಕ್ಯಾಮೆರಾ, ಕಾರ್ಡಿನಿಂದ ತೆರೆಯುವ ಬಾಗಿಲು ಇತ್ಯಾದಿ ಕೂಡಿಸುವ ಕಂಪನಿ ಅದು. ನಮ್ಮವರು ಸೈಟಿನಲ್ಲಿ ಬೆವರು ಸುರಿಸುವ ಎಂಜಿನಿಯರು. ಸದಾಶಿವ ಆಫೀಸಿನಲ್ಲಿ ಕೂತು ಜನರ ವೀಸಾ, ರಜೆ, ಪತ್ರಗಳನ್ನು ನೋಡಿಕೊಳ್ಳುವವರು. ಆ ರೂಮು ನಮಗೆ ಸಿಕ್ಕಿದ್ದೂ ಅವರಿಂದಲೇ.

ಸಂಶಯ ನನ್ನ ಹುಟ್ಟುಗುಣ. ಸೂಪರ್‌ಮಾರ್ಕೆಟ್ಟಿನವರು ತೂಗಿ ಚೀಟಿ ಹಚ್ಚಿದ ಬದನೆಕಾಯನ್ನು ಮನೆಗೆ ತಂದು ಅಂಗೈಯಲ್ಲಿ ಮತ್ತೊಮ್ಮೆ ತೂಗಿ ನೋಡುವವಳು ನಾನು. ಬೀಗ ಹಾಕಿ ಲಿಫ್ಟಿನವರೆಗೆ ಹೋಗಿ, ತಿರುಗಿ ಬಂದು ಬಾಗಿಲು ಎಳೆದು ನೋಡದ ದಿನವಿಲ್ಲ. 'ಸಂಶಯ ಪಿಶಾಚಿ' ಎಂದು ನಮ್ಮವ್ವ ಬೈಯುತ್ತಿದ್ದಳು. ಯಾರಾದರೂ ಕೇಳದೆಯೇ ಒಳ್ಳೆಯದು ಮಾಡಿದರೆ, ಯಾಕೆ ಮಾಡಿದರು ಎಂಬುದೇ ನನಗೆ ಮೊದಲು ಹೊಳೆಯುವುದು. ಹೇಮಾ ಕೇಳದೆಯೇ ಒಳ್ಳೆಯದು ಮಾಡುವವಳು. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳಾದ್ದರಿಂದ ಸುಮಂಗಲಾ ಎಂಬ ನನ್ನ ಹೆಸರನ್ನು 'ಸುಮಕ್ಕ' ಮಾಡಿಕೊಂಡಿದ್ದಳು. ನನ್ನ ಬಟ್ಟೆ ಒಣಗಿದ್ದರೆ ಮಡಚಿ ಇಟ್ಟಿರುತ್ತಿದ್ದಳು. ನಾನು ಆ ಮಡಿಕೆ ಬಿಚ್ಚಿ, ಏನಾದರೂ ಕಡಿಮೆಯಾಗಿದೆಯೇ ಎಂದು ನೋಡಿ, ಮತ್ತೆ ಮಡಚುತ್ತಿದ್ದೆ.

ಆ ವರ್ಷ ಕಂಪನಿಯಲ್ಲಿ ರಜೆ ಸಿಗದೆ, ಶಾಲೆಗೆ ಸೂಟಿ ಬಿಟ್ಟರೂ ನಾವು ಊರಿಗೆ ಹೋಗಲಿಲ್ಲ. ಜುಲೈ ಎಂದರೆ ತಣ್ಣೀರಿನ ನಲ್ಲಿ ತಿರುಗಿಸಿದರೂ ಕುದಿನೀರು. ಬೆಳಿಗ್ಗೆಯೇ ಬಕೆಟ್ಟು ತುಂಬಿ ಆರಲು ಇಟ್ಟುಕೊಳ್ಳಬೇಕು. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಆವಿ ಕೂರುತ್ತಿತ್ತು. ಹನ್ನೊಂದು ಗಂಟೆಯ ಮೇಲೆ ಕಟ್ಟಡದ ಕೆಳಗೆ ಒಂದು ಬೆಕ್ಕೂ ಕಾಣುತ್ತಿರಲಿಲ್ಲ. ಇಬ್ಬರು ಹೆಂಗಸರು, ಎಂಟು ವರ್ಷದ ಶ್ರೇಯಾ, ಮುಚ್ಚಿದ ಕಿಟಕಿಗಳು, ದಿನವಿಡೀ ಗುಂಯ್‌ಗುಡುವ ಎಸಿ. ಇಷ್ಟರಲ್ಲೇ ಎರಡು ತಿಂಗಳು ಕಳೆಯಬೇಕಿತ್ತು.

ಆ ಧಾರಾವಾಹಿಯನ್ನು ಎಲ್ಲಿಂದಲೋ ಹುಡುಕಿ ತೆರೆದವಳು ಹೇಮಾ. ಮಾತು ಚೀನೀ, ಕೆಳಗೆ ಓಡುವ ಅಕ್ಷರ ಇಂಗ್ಲಿಷು. ಕನ್ನಡ ಶಾಲೆಯಲ್ಲಿ ಕಲಿತ ನಾನು ಒಂದು ಸಾಲನ್ನು ಕೂಡಿಸಿಕೊಂಡು ಓದುವಷ್ಟರಲ್ಲಿ ಮೂರು ಸಾಲು ಹೋಗಿರುತ್ತಿದ್ದವು. ಅದಕ್ಕೆ ಹೇಮಾ ಓದಿ ಓದಿ ಹೇಳುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಪಾತ್ರೆ ತೊಳೆದು, ಚಹಾ ಮಾಡಿಕೊಂಡು ಕೂತರೆ ಎರಡು ಕಂತು ಮುಗಿಯುವವರೆಗೆ ಏಳುತ್ತಿರಲಿಲ್ಲ. ಶ್ರೇಯಾಳಿಗೆ ಓದಲು ಬರುತ್ತಿತ್ತು, ಆದರೆ ಅವಳಿಗೂ ಹೇಮಾ ಆಂಟಿ ಹೇಳುವುದೇ ಬೇಕಿತ್ತು.

ಕಥೆ ನಗೆಯದು. ಅರಮನೆಯ ಕೊಳದ ಬಾತುಕೋಳಿ ಕಾಯಲು ಬಂದ ಒಬ್ಬ ಬಡ ಹುಡುಗಿ. ಅವಳಿಗೆ ರಾಜನೂ ಬೇಡ, ಒಡವೆಯೂ ಬೇಡ. ಹೊತ್ತುಹೊತ್ತಿಗೆ ಹಬೆಯಾಡುವ ಕಡುಬು ಸಿಕ್ಕರೆ ಸಾಕು. ಅವಳನ್ನು ಕೆಡಿಸಲು ಯಾರು ಏನು ಹೂಡಿದರೂ ಕೊನೆಗೆ ಅವಳಿಗೇ ಒಳ್ಳೆಯದಾಗುತ್ತಿತ್ತು. ಹೆಸರುಗಳು ನಾಲಿಗೆಗೆ ಹತ್ತದ್ದರಿಂದ ನಾವೇ ಹೆಸರಿಟ್ಟಿದ್ದೆವು: ಬಾತುಕೋಳಿ ಹುಡುಗಿ, ಗದರುವ ದೊಡ್ಡ ರಾಣಿ, ಬೆರಳುಗಳಿಗೆ ಚಿನ್ನದ ಉಗುರು ಹಾಕಿಕೊಂಡು ನಗುನಗುತ್ತಲೇ ಎಲ್ಲರಿಗೂ ಚಹಾ ಬಗ್ಗಿಸುವ ಉಗುರಿನ ರಾಣಿ. ರಾಜ ಸಭೆಯಲ್ಲೇ ತೂಕಡಿಸುತ್ತಿದ್ದ. "ಇವ ಎಂತದಕ್ಕೂ ಆಗುವ ಜನ ಅಲ್ಲ ಮಾರಾಯ್ರೆ" ಎಂದು ಹೇಮಾ ಅವನನ್ನು ಮೊದಲ ದಿನವೇ ಕೈಬಿಟ್ಟಳು.

ನಾನು 'ಹೊಂಟೀನಿ' ಅಂದರೆ ಅವಳು ನಗುತ್ತಿದ್ದಳು, ಅವಳು 'ಎಂತ ಸಾವು' ಅಂದರೆ ನಾನು ನಗುತ್ತಿದ್ದೆ. ಅವಳ ಕನ್ನಡ ನನಗೆ ಪೂರ್ತಿ ತಿಳಿಯುತ್ತದೆ ಎಂದೇ ನಂಬಿದ್ದೆ. ಒಂದು ದಿನ ದೊಡ್ಡ ರಾಣಿ ಬೆರಳು ತೋರಿಸಿದಳು, ಇಬ್ಬರು ಬಂದು ಬಾತುಕೋಳಿ ಹುಡುಗಿಯನ್ನು ಎತ್ತಿಕೊಂಡೇ ಹೋದರು, ಕೊಳಲು ಅಳುವ ಹಾಗೆ ನುಡಿಯಿತು. "ಹೋಯ್ತು, ದೊಡ್ಡ ರಾಣಿ ಅವಳನ್ನು ತೆಗೆದ್ರು" ಎಂದಳು ಹೇಮಾ. ನನಗೆ ಕಣ್ಣೀರೇ ಬಂತು. ಮಾರನೆಯ ದಿನ ನೋಡಿದರೆ ಹುಡುಗಿ ಹೊಸ ಲಂಗ ಉಟ್ಟು ದೊಡ್ಡ ರಾಣಿಯ ಮನೆಯಲ್ಲೇ ಬೀಸಣಿಗೆ ಬೀಸುತ್ತ ನಿಂತಿದ್ದಾಳೆ. ಸತ್ತವಳು ಹೇಗೆ ಬಂದಳೆಂದು ಕೇಳಲು ನಾಚಿಕೆಯಾಯಿತು. ಚೀನಾದವರ ಕಥೆ ಹೀಗೇ ಇರಬೇಕೆಂದು ಸುಮ್ಮನಾದೆ.

ನಕ್ಕು ಮರೆಯಬೇಕಾದ ಧಾರಾವಾಹಿ ನನಗೆ ಮಾತ್ರ ಪಾಠವಾಯಿತು. ಆ ಅರಮನೆಯಲ್ಲಿ ಯಾರೂ ಸುಮ್ಮನೆ ನಗುವುದಿಲ್ಲ, ಸುಮ್ಮನೆ ಚಹಾ ಕೊಡುವುದಿಲ್ಲ, ಪರದೆಯ ಹಿಂದೆ ಒಬ್ಬರು ಇದ್ದೇ ಇರುತ್ತಾರೆ. ಟೀವಿ ಆರಿಸಿದ ಮೇಲೂ ನಾನು ಹಾಗೇ ನೋಡತೊಡಗಿದೆ. ಹೇಮಾ ಗಂಡನಿಗೆ ಫೋನು ಮಾಡುವಾಗ ನಾನು ಅಡುಗೆಮನೆಗೆ ಹೋದರೆ ಕನ್ನಡದಿಂದ ತುಳುವಿಗೆ ಹೊರಳುತ್ತಿದ್ದಳು. ಆ ತುಳುವಿನ ನಡುವೆ 'ಬಸವರಾಜಣ್ಣ' ಎಂದು ನಮ್ಮವರ ಹೆಸರು ಬರುತ್ತಿತ್ತು. ಇನ್ನೂ ಒಂದಿತ್ತು. ಶುಕ್ರವಾರ ಬಿಟ್ಟು ಶುಕ್ರವಾರ ನಾವು ಮೂವರೂ ಹೊರಗೆ ಹೋಗಿ ಬಂದರೆ ಮನೆ ತುಂಬ ಊದುಬತ್ತಿಯ ಘಮ. ನಾವಿದ್ದಾಗ ಊದುಬತ್ತಿ ಹಚ್ಚದವಳು ನಾವಿಲ್ಲದಾಗ ಯಾಕೆ ಹಚ್ಚುತ್ತಾಳೆ? ಕಿಟಕಿಗಳನ್ನು ಯಾಕೆ ತೆರೆದಿರುತ್ತಾಳೆ? ನಾನು ನಮ್ಮ ಕೋಣೆಯ ಮೂಲೆಗಳಲ್ಲಿ ನಿಂಬೆಹಣ್ಣು ಹುಡುಕಿದ್ದೂ ಉಂಟು.

ಅದೇ ಹೊತ್ತಿಗೆ ಕಂಪನಿಯಲ್ಲಿ ಗುಸುಗುಸು ಶುರುವಾಗಿತ್ತು. ಒಂದು ದೊಡ್ಡ ಕೆಲಸ ಮುಗಿದಿತ್ತು, ಕೆಲವರಿಗೆ ಆಗಲೇ ಕೈಗೆ ಪತ್ರ ಬಂದಿತ್ತು. ಇಲ್ಲಿ ನೌಕರಿ ಹೋಯಿತೆಂದರೆ ನೌಕರಿಯೊಂದೇ ಹೋಗುವುದಿಲ್ಲ. ವೀಸಾ ಕ್ಯಾನ್ಸಲ್, ಮನೆ ಖಾಲಿ, ಮಗಳ ಶಾಲೆ ನಡುವಿಗೇ ನಿಂತಂತೆ. ನಮ್ಮವರು ಬಾಯಿ ಬಿಟ್ಟು ಹೇಳದಿದ್ದರೂ ಊಟ ಕಡಿಮೆ ಮಾಡಿದ್ದರು.

ಹಾಗಿರುವಾಗ ಒಂದು ಮಧ್ಯಾಹ್ನ ಹೇಮಾ ಗೋಳಿಬಜೆ ಕರಿದು ತಟ್ಟೆ ನನ್ನ ಮುಂದಿಟ್ಟಳು. ಶ್ರೇಯಾ ಕೋಣೆಯಲ್ಲಿದ್ದಳು. ಹೇಮಾ ಟೀವಿಯ ದನಿ ತಗ್ಗಿಸಿ ನನ್ನ ಹತ್ತಿರ ಸರಿದಳು.

"ಸುಮಕ್ಕ, ಒಂದು ವಿಷಯ ಉಂಟು. ಯಾರ ಹತ್ರವೂ ಹೇಳ್ಬೇಡಿ ಆಯ್ತಾ. ಆಫೀಸಲ್ಲಿ ಲಿಸ್ಟ್ ಆಗ್ತಾ ಉಂಟಂತೆ. ಮೊದಲಿಗೆ ನಿಮ್ಮವರನ್ನೇ ತೆಗೀತಾರೆ."

ನನ್ನ ಕೈಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು.

"ಹೆಸರು ಕೊಟ್ಟದ್ದು ನಮ್ಮವರೇ" ಎಂದು ಅವಳು ನಕ್ಕಳು. "ನಾನು ಹೇಳಿದ್ದು ಅಂತ ಗೊತ್ತಾದ್ರೆ ನನಗೆ ಬೈತಾರೆ."

"ಹೌದೇನ್ರಿ" ಎಂದೆ. ಅಷ್ಟೇ. ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ ತಿಂದೆ. ಇನ್ನೊಂದನ್ನೂ ತಿಂದೆ. ಮುಖದ ಮೇಲೆ ಒಂದು ಗೆರೆಯನ್ನೂ ಆಡಿಸಲಿಲ್ಲ. ನನ್ನ ಮುಖ ಹೇಗಾಗುತ್ತದೆಂದು ನೋಡಲೆಂದೇ ಇವಳು ಹೇಳಿದ್ದಾಳೆ, ಆ ಸಂತೋಷವನ್ನು ಇವಳಿಗೆ ಕೊಡಬಾರದು ಎಂದು ಹಟ ಹಿಡಿದೆ. ಎದುರಿಗೆ ಟೀವಿಯಲ್ಲಿ ಉಗುರಿನ ರಾಣಿ ಯಾರಿಗೋ ಚಹಾ ಬಗ್ಗಿಸುತ್ತಿದ್ದಳು. ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂದಿತ್ತು ನನಗೆ. ಒಂದೇ ಒಲೆಯ ಮೇಲೆ ಅನ್ನ ಮಾಡಿಕೊಂಡು ನಮ್ಮ ಅನ್ನಕ್ಕೇ ಕಲ್ಲು ಹಾಕಿದರಲ್ಲ ಎಂಬ ಸಿಟ್ಟು.

ಆ ಸಂಜೆ ನಮ್ಮವರನ್ನು ಬಾಲ್ಕನಿಗೆ ಕರೆದು ಹೇಳಿದೆ.

"ಸದಾಶಿವ ಅಂಥಾ ಮನಷ್ಯಾ ಅಲ್ಲ ಬಿಡು. ನಿನಗ ತಪ್ಪ ಕೇಳಿಸಿರಬೇಕು" ಎಂದರು.

"ನನ್ನ ಮುಂದ ಕೂತು, ನನ್ನ ಮಾರಿ ನೋಡಿ ಹೇಳ್ಯಾಳ್ರಿ. ತಪ್ಪ ಹೆಂಗ ಕೇಳಸ್ತದ?"

"ಹಂಗಾರ ನಾನ ಸದಾಶಿವನ್ನ ಕೇಳ್ತೀನಿ."

"ಕೇಳಿದ್ರ ಏನ್ ಹೌದಂತಾನ? ಇನ್ನಷ್ಟು ಲಗೂನ ಮುಗಸ್ತಾನ. ಅವ್ರು ತೆಗೆಯೂಕಿಂತ ಮೊದ್ಲ ನೀವ ಬಿಟ್ಟಬಿಡ್ರಿ. ಮರ್ಯಾದಿ ಅರ ಉಳೀತದ."

ಅವರು ಮೃದು ಮನುಷ್ಯರು. ನಾನು ಒಂದೊಂದೇ ಪುರಾವೆ ಹೇಳುತ್ತ ಹೋದೆ. ತುಳು ಮಾತು, ಅದರೊಳಗೆ ಅವರ ಹೆಸರು, ಊದುಬತ್ತಿ, ತೆರೆದ ಕಿಟಕಿ, ಮಡಚಿಟ್ಟ ಬಟ್ಟೆ. ಹದಿನೈದು ದಿನ ಬಿಡದೆ ಹೇಳಿದೆ. ಅಬುಧಾಬಿಯಲ್ಲಿ ಅವರ ಪರಿಚಯದವರೊಬ್ಬರು ಒಂದು ದೊಡ್ಡ ಕಟ್ಟಡದ ಮೇಂಟೆನೆನ್ಸ್ ನೋಡಿಕೊಳ್ಳಲು ಜನ ಬೇಕೆಂದಿದ್ದರು. ಎಂಜಿನಿಯರಿನ ಕೆಲಸವಲ್ಲ, ನಲ್ಲಿ, ಲಿಫ್ಟು, ಎಸಿ ಕೆಟ್ಟರೆ ಓಡಾಡುವುದು. ನಮ್ಮವರು ಒಂದು ಶನಿವಾರ ಬಸ್ಸಿನಲ್ಲಿ ಹೋಗಿ ಮಾತಾಡಿ ಬಂದರು. ಅಲ್ಲಿಂದ ಕೆಲಸದ ಪತ್ರ ಬಂತು. ಅದನ್ನು ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಮೂರನೆಯ ದಿನ ನಾನೇ ಬೆಳಿಗ್ಗೆ ಬೂಟಿನ ಪಕ್ಕದಲ್ಲಿ ರಾಜೀನಾಮೆಯ ಕಾಗದವನ್ನು ತಂದಿಟ್ಟೆ.

ಇಷ್ಟೂ ದಿನ ಮಧ್ಯಾಹ್ನ ಮೂರಕ್ಕೆ ನಾನು ಹೇಮಾಳ ಪಕ್ಕದಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದೆ. ಅವಳು ನಕ್ಕಾಗ ನಗುತ್ತಿದ್ದೆ. ಅರಮನೆಯಲ್ಲಿ ನನಗೂ ಒಂದು ಕೋಣೆ ಕೊಡಬಹುದಿತ್ತು, ಅಷ್ಟು ಚೆನ್ನಾಗಿ ನಟಿಸಿದೆ.

ರಾಜೀನಾಮೆ ಕೊಟ್ಟ ಸಂಜೆ ನಮ್ಮವರು ಬಂದವರು ಬೂಟು ಕಳಚದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು.

"ಮ್ಯಾನೇಜರ್ ಒಳಗ ಕರದು ಕೂರಿಸಿದ. ಯಾಕ ಬಿಡ್ತಿ, ನಿನ್ನ ಹೆಸರು ಲಿಸ್ಟಿನ್ಯಾಗ ಮೊದ್ಲ ಐತಿ ಅಂದ."

"ನಾ ಹೇಳಿದ್ನಲ್ಲರಿ."

"ತೆಗೆಯೂ ಲಿಸ್ಟ್ ಅಲ್ಲ ಸುಮಾ. ಹೊಸಾ ಕೆಲಸ ಬಂದದಂತ. ಅದಕ್ಕ ಟೀಮ್ ಕಟ್ಟಾಕತ್ತಾರ. ನನ್ನ ಆ ಟೀಮಿಗೆ ಹೆಡ್ ಮಾಡಾವ್ರಿದ್ರಂತ. ಸದಾಶಿವ ತಾನ ನನ್ನ ಹೆಸರು ಕೊಟ್ಟಿದ್ನಂತ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ನೇರವಾಗಿ ಅಡುಗೆಮನೆಗೆ ನಡೆದೆ. ಹೇಮಾ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು.

"ಹೇಮಾ, ನಮ್ಮವ್ರನ್ನ ತೆಗೀತಾರ ಅಂತ ನೀವ ಹೇಳಿದ್ರಿ ಹೌದಲ್ಲೊ?"

"ಹೌದು. ಹೊಸ ಟೀಮಿಗೆ. ಎಂತ ಆಯ್ತು? ಪತ್ರ ಕೊಟ್ರಾ?" ಅವಳ ಮುಖ ಅರಳಿತು.

"ಟೀಮಿಗೆ ಅಂತ ಹೇಳಲಿಲ್ಲರಿ ನೀವು. ತೆಗೀತಾರ ಅಂದ್ರಿ."

"ತೆಗೆಯುದು ಅಂದ್ರೆ ಮತ್ತೆಂತ ಸುಮಕ್ಕ?"

"ತೆಗೆಯೂದಂದ್ರ ಹೊರಗ ಹಾಕೂದು."

ಹೇಮಾ ಸೌಟು ಹಿಡಿದುಕೊಂಡೇ ನಿಂತಳು. "ನಮ್ಮಲ್ಲಿ ಮೀನು ತೆಗೀತೇವೆ, ಬಟ್ಟೆ ತೆಗೀತೇವೆ, ಟಿಕೇಟು ತೆಗೀತೇವೆ. ಅಂಗಡಿಗೆ ಜನ ತೆಗೀತಾರೆ. ಹೊರಗೆ ಹಾಕ್ಲಿಕ್ಕಾ?"

ನಮ್ಮಲ್ಲಿ ತಗೊಳ್ಳುವುದು ಬೇರೆ, ತೆಗೆಯುವುದು ಬೇರೆ. ಕೆಲಸಕ್ಕೆ ತಗೊಂಡರು ಎಂದರೆ ಪೇಡೆ ಹಂಚುತ್ತೇವೆ, ಕೆಲಸದಿಂದ ತೆಗೆದರು ಎಂದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಬಾತುಕೋಳಿ ಹುಡುಗಿ ಸತ್ತಿರಲೇ ಇಲ್ಲ, ದೊಡ್ಡ ರಾಣಿ ಅವಳನ್ನು ಊಳಿಗಕ್ಕೆ ತಗೊಂಡಿದ್ದಳು ಎಂಬುದು ನನಗೆ ಹೊಳೆದದ್ದು ಒಲೆಯ ಎದುರಿಗೆ ನಿಂತ ಆ ಗಳಿಗೆಯಲ್ಲಿ. ಇಷ್ಟು ದಿನ ಅವಳು ಹೇಳಿದ ಅರಮನೆಯಲ್ಲಿ ಇನ್ನೆಷ್ಟು ಜನರನ್ನು ನಾನು ಸಾಯಿಸಿದ್ದೆನೋ.

ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಇಬ್ಬರೂ ಅತ್ತು, ನಕ್ಕು, ಹಣೆ ಬಡಿದುಕೊಂಡು ಮುಗಿಸುತ್ತಿದ್ದೆವು. ಆದರೆ ನನಗೆ ನನ್ನನ್ನು ಸಮರ್ಥಿಸಿಕೊಳ್ಳಬೇಕಿತ್ತು. ಒಂದು ಮಾತಿನಿಂದ ಹೀಗಾಗಲಿಲ್ಲ, ಬೇರೆ ಕಾರಣಗಳೂ ಇದ್ದವು ಎಂದು ತೋರಿಸಬೇಕಿತ್ತು. ಹಾಗಾಗಿ ಎಲ್ಲವನ್ನೂ ಹೇಳಿದೆ. ನಾನು ಬಂದಾಗ ನೀವು ಯಾಕೆ ತುಳುವಿಗೆ ಹೊರಳುತ್ತಿದ್ದಿರಿ ಎಂದೆ. ಊದುಬತ್ತಿ ಯಾಕೆ ಎಂದೆ. ಕೋಣೆಯಲ್ಲಿ ನಿಂಬೆಹಣ್ಣು ಹುಡುಕಿದ್ದನ್ನೂ, ಮಡಚಿಟ್ಟ ಬಟ್ಟೆ ಬಿಚ್ಚಿ ನೋಡುತ್ತಿದ್ದುದನ್ನೂ ಹೇಳಿಬಿಟ್ಟೆ. ಸಾಸಿವೆ ಸೀದು ಹೊಗೆ ಬಂದಾಗ ಹೇಮಾ ಗ್ಯಾಸು ಆರಿಸಿದಳು.

"ನೀವು ಹೊರಗೆ ಹೋದ ದಿನ ಬಂಗುಡೆ ಮೀನು ಮಾಡ್ತಿದ್ದೆ" ಎಂದಳು. "ವಾಸನೆ ನಿಮಗೆ ಆಗುದಿಲ್ಲ ಅಂತ ಕಿಟಕಿ ತೆಗೆದು ಊದುಬತ್ತಿ ಇಡ್ತಿದ್ದೆ. ತುಳುವಲ್ಲಿ ಹೇಳ್ತಿದ್ದದ್ದು ಬಸವರಾಜಣ್ಣನ ಹೆಸರು ಕೊಡಿ ಅಂತ. ಆಗುವ ಮೊದಲೇ ನಿಮಗೆ ಗೊತ್ತಾಗಿ, ಆಮೇಲೆ ಆಗದಿದ್ರೆ ಬೇಜಾರಾಗ್ತದೆ ಅಂತ ಕನ್ನಡದಲ್ಲಿ ಹೇಳ್ಲಿಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ.

"ಮಾತು ಗೊತ್ತಾಗದ್ದು ಮಾತ್ರ ಆಗಿದ್ರೆ ನೀವು ನನ್ನನ್ನೇ ಕೇಳ್ತಿದ್ರಿ ಸುಮಕ್ಕ" ಎಂದು ಹೇಳಿ ಅವಳು ತನ್ನ ಕೋಣೆಗೆ ಹೋದಳು.

ಸದಾಶಿವ ಆದಷ್ಟು ಓಡಾಡಿದರು. ರಾಜೀನಾಮೆ ವಾಪಸು ಪಡೆಯುವ ಪತ್ರವನ್ನು ಅವರೇ ಬರೆದರು. ಅಷ್ಟರಲ್ಲಿ ಮ್ಯಾನೇಜರು ನಮ್ಮವರ ಜಾಗಕ್ಕೆ ಬೇರೊಬ್ಬರ ಹೆಸರು ಬರೆದು ಮೇಲಕ್ಕೆ ಕಳಿಸಿ ಆಗಿತ್ತು. ಅಬುಧಾಬಿಯವರಿಗೆ ಇಲ್ಲವೆನ್ನುವ ಧೈರ್ಯ ನಮಗಿರಲಿಲ್ಲ. "ಖಲಾಸ್" ಎಂದರು ನಮ್ಮವರು. ಅದರ ಮೇಲೆ ಇಂದಿನವರೆಗೆ ಆ ಮಾತನ್ನು ಎತ್ತಿ ನನಗೆ ಒಂದು ದಿನವೂ ಚುಚ್ಚಿಲ್ಲ. ಯಾರದೋ ಮನೆಯ ನಲ್ಲಿ ಸೋರುತ್ತದೆಂದು ಫೋನು ಬಂದು ಅವರು ಅರ್ಧ ಊಟಕ್ಕೆ ಎದ್ದಾಗಲೆಲ್ಲ ನಾನೇ ನನ್ನನ್ನು ಚುಚ್ಚಿಕೊಳ್ಳುತ್ತೇನೆ.

ನೋಟಿಸಿನ ಒಂದು ತಿಂಗಳು ಅದೇ ಮನೆಯಲ್ಲಿ ಕಳೆಯಬೇಕಿತ್ತು. ಹೇಮಾ ಜಗಳವಾಡಲಿಲ್ಲ, ಮುಖ ತಿರುಗಿಸಲಿಲ್ಲ. ನಾಲ್ಕು ದಿನ ಬಿಟ್ಟು ಮೂರು ಗಂಟೆಗೆ ಟೀವಿ ಹಚ್ಚಿ ನಮ್ಮನ್ನು ಕರೆದಳು ಕೂಡ. ನಾನು ಓಡಿಹೋಗಿ ಕೂತೆ. ಎಲ್ಲ ಸರಿಹೋಯಿತು ಎಂದುಕೊಂಡೆ. ಪರದೆಯ ಮೇಲೆ ಉಗುರಿನ ರಾಣಿ ಅಳುತ್ತಿದ್ದಳು.

"ಮಹಾರಾಣಿಯವರು ಆಕೆಯ ತಪ್ಪನ್ನು ಕ್ಷಮಿಸಿದರು" ಎಂದಳು ಹೇಮಾ. "ಆದರೆ ಇನ್ನು ಮುಂದೆ ಆಕೆ ಬೇರೆ ಅರಮನೆಯಲ್ಲಿ ವಾಸಿಸಬೇಕು ಎಂದು ಆಜ್ಞೆ ಮಾಡಿದರು."

ವಾರ್ತೆ ಓದಿದ ಹಾಗಿತ್ತು. 'ಎಂತ' ಇರಲಿಲ್ಲ, 'ಉಂಟು' ಇರಲಿಲ್ಲ, 'ಮಾರಾಯ್ರೆ' ಇರಲಿಲ್ಲ. ಪ್ರತಿ ಶಬ್ದವನ್ನೂ ಆರಿಸಿ, ಒರೆಸಿ ನನ್ನ ಮುಂದೆ ಇಡುತ್ತಿದ್ದಳು. ಶ್ರೇಯಾ ಅವಳನ್ನೂ ನನ್ನನ್ನೂ ನೋಡಿ, "ವೈ ಈಸ್ ಆಂಟಿ ಟಾಕಿಂಗ್ ಲೈಕ್ ಮೈ ಕನ್ನಡ ಬುಕ್?" ಎಂದು ಕೇಳಿದಳು. ಅಲ್ಲಿಂದ ಮುಂದೆ ಅಡುಗೆಮನೆಯಲ್ಲೂ ಅದೇ ಭಾಷೆ. "ಹಾಲು ಮುಗಿದಿದೆ ಸುಮಕ್ಕ, ನಾನು ಕೊಂಡು ತರುತ್ತೇನೆ." ತೆಗೆಯುತ್ತೇನೆ ಎಂದು ತಪ್ಪಿಯೂ ಅನ್ನಲಿಲ್ಲ. ನಾನೂ ಅವಳೊಂದಿಗೆ ಹಾಗೇ ಮಾತಾಡತೊಡಗಿದೆ. ತಪ್ಪಾಯಿತು ಎಂದು ನಾನು ಮೂರು ಸಲ ಹೇಳಿದೆ. "ಪರವಾಗಿಲ್ಲ" ಎಂದು ಅವಳು ಮೂರು ಸಲವೂ ಹೇಳಿದಳು.

ಆಗಸ್ಟಿನ ಕೊನೆಯ ವಾರ ಸಾಮಾನಿನ ಗಾಡಿ ಬಂತು. ಹೇಮಾ ದಾರಿಗೆಂದು ಅವಲಕ್ಕಿ ಕಟ್ಟಿಕೊಟ್ಟಳು. ಶ್ರೇಯಾಳನ್ನು ಎತ್ತಿ ಮುದ್ದು ಮಾಡಿ, ಕಿವಿಯಲ್ಲಿ ತುಳುವಿನಲ್ಲಿ ಏನೋ ಹೇಳಿದಳು. ಶ್ರೇಯಾ ನಕ್ಕಳು. ಏನು ಹೇಳಿದರು ಎಂದು ನಾನು ದಾರಿಯಲ್ಲಿ ಮಗಳನ್ನು ಕೇಳಲಿಲ್ಲ.

ಸಂಜೆ ಅಬುಧಾಬಿಯ ಖಾಲಿ ಮನೆಯಲ್ಲಿ ಡಬ್ಬಗಳ ನಡುವೆ ನಿಂತಿದ್ದಾಗ ಫೋನು ಬಂತು. ಊರಿಗೆ ಬಂದು ಸೇರುವುದಕ್ಕೆ ನಮ್ಮ ಗದಗಿನಲ್ಲಿ ಮುಟ್ಟುವುದು ಎನ್ನುತ್ತೇವೆ. ಅವರ ಪುತ್ತೂರಿನಲ್ಲೂ ಮುಟ್ಟುವುದು ಎಂದೇ ಅನ್ನುತ್ತಾರೆ. ಎರಡೂ ಊರುಗಳಿಗೆ ಸಮವಾಗಿ ಸಿಕ್ಕ ಕೆಲವೇ ಮಾತುಗಳಲ್ಲಿ ಅದೊಂದು. ಅದನ್ನು ಇಬ್ಬರಲ್ಲಿ ಯಾರು ಹೇಗೆ ಆಡಿದರೂ ತಪ್ಪು ತಿಳಿಯಲು ಸಾಧ್ಯವಿರಲಿಲ್ಲ.

"ಸುಮಕ್ಕ" ಎಂದಳು ಹೇಮಾ. "ಕ್ಷೇಮವಾಗಿ ತಲುಪಿದಿರಾ?"

"ತಲುಪಿದೆವು" ಎಂದೆ.